ತವರು ಯಾವೂರವ್ವಾ?

ಜುಬೇದಾ ಡಾಕ್ಟರಬಾಯಾರು ಸಿಟ್ಟು ಬಂದರೆ ರೋಗಿಯನ್ನು ಬಯ್ಯುತ್ತಿರಲಿಲ್ಲ, ರಿಪೋರ್ಟನ್ನು ಬಯ್ಯುತ್ತಿದ್ದರು. ಹುನಗುಂದದಲ್ಲಿ ಅವರ ಮಕ್ಕಳ ದವಾಖಾನೆಯಲ್ಲಿ ನಾನು ನರ್ಸ್. ಜ್ವರದ ಕೂಸುಗಳನ್ನು ಮೊದಲು ಬೇರೆ ಕಡೆ ತೋರಿಸಿ, ಟೈಫಾಯ್ಡ್ ಎಂಬ ರಿಪೋರ್ಟ್ ಹಿಡಿದೇ ತಾಯಂದಿರು ಬರುತ್ತಿದ್ದರು. ಬಾಯಾರು ಕನ್ನಡಕ ಹಣೆಗೇರಿಸಿ ಆ ಕಾಗದವನ್ನೇ ಕೇಳುತ್ತಿದ್ದರು: "ಎಲ್ಲಾ ಜ್ವರಕ್ಕೂ ನೀನ ಏನಲೇ?"

ಮರೋಳದ ಶಾಂತವ್ವನ ಮಗನಿಗೂ ಹಾಗೆಯೇ. ಜ್ವರ ಬಿಡುವುದು, ಮತ್ತೆ ಬರುವುದು. ನಮ್ಮ ಕಡೆ ಮಲೇರಿಯಾ ಕಾಣುವುದೇ ಅಪರೂಪ. ಬಂದರೆ ಹೊರಗಿನಿಂದ, ಹೆಚ್ಚಾಗಿ ಕರಾವಳಿ ಕಡೆಯಿಂದ ಬರಬೇಕು.

"ಊರ ಬಿಟ್ಟು ಎಲ್ಲಿಗರ ಹೋಗಿದ್ದೇನವ್ವಾ?"

"ಎಲ್ಲಿಗೂ ಇಲ್ರಿ."

ಬಂದಾಗಲೆಲ್ಲ ಇದೇ ಪ್ರಶ್ನೆ, ಇದೇ ಉತ್ತರ. ಔಷಧ ಬದಲಾಯಿತು, ಜ್ವರ ಜಗ್ಗಲಿಲ್ಲ. ಕೊನೆಗೊಂದು ದಿನ ಹುಡುಗ ಕತ್ತು ಎತ್ತಲಾರದೆ ತಾಯಿಯ ಹೆಗಲ ಮೇಲೆ ಜೋತುಬಿದ್ದು ಬಂದ. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಶಾಂತವ್ವ ಹಲುಬುತ್ತಿದ್ದಳು: "ನಮ್ಮವ್ವನ ಮನ್ಯಾಗ ಇರೂತನಕ ಗುಂಡಕಲ್ಲಾಗಿದ್ದನ್ರಿ. ಯಾರ ದೃಷ್ಟಿ ತಾಗಿತೋ!"

ಚೀಟಿ ಬರೆಯುತ್ತಿದ್ದ ಬಾಯಾರ ಕೈ ಅಲ್ಲೇ ನಿಂತಿತು. "ನಿಮ್ಮವ್ವನ ಮನಿ ಎಲ್ಲೈತಿ?"

"ಮಂಗಳೂರಾಗ್ರಿ. ಅಪ್ಪ ಮನಿ ಕಟ್ಟೂ ಗೌಂಡಿ ಕೆಲಸಕ್ಕ ಹೋಗಿ ಅಲ್ಲೇ ನಿಂತಾನ."

"ಮತ್ತ ಎಲ್ಲಿಗೂ ಹೋಗಿಲ್ಲ ಅಂದಿ?"

"ತವರಮನಿ ಪರಊರ ಹೆಂಗ ಆಕ್ಕೈತ್ರಿ, ಬಾಯಾರ?"

ತಕ್ಷಣ ರಕ್ತ ತೆಗೆದೆವು. ಮಲೇರಿಯಾವೇ. ಬಾಗಲಕೋಟೆಗೆ ಕಳಿಸಿದೆವು, ಹುಡುಗ ಬದುಕಿದ. ನಾನಿನ್ನೂ ಶಾಂತವ್ವನನ್ನು ಬಯ್ಯುತ್ತಲೇ ಇದ್ದೆ. ಬಾಯಾರು ಹಣೆ ಹಣೆ ಬಡಿದುಕೊಂಡರು. "ಆಕಿನ್ನ ಯಾಕ ಬೈತಿ? ನನ್ನ ತವರ ಇಳಕಲ್. ಅಲ್ಲಿಗೆ ಹೋಗಿ ಬಂದ್ರ ನಾನರ ಊರ ಬಿಟ್ಟು ಹೋಗಿದ್ದೆ ಅಂತೇನೇನು? ಕೇಳೂದು ಬರಲಿಲ್ಲ ನಮಗ."

ಅಂದಿನಿಂದ ಜ್ವರದ ಕೂಸು ಬಂದರೆ ಅವರ ಮೊದಲ ಮಾತು ಒಂದೇ: "ತವರು ಯಾವೂರವ್ವಾ?" ಹೆಣ್ಣುಮಕ್ಕಳ ಮುಖ ಅರಳುತ್ತಿತ್ತು. ಕೇಳದ ಸಂಗತಿಗಳೂ ಹೊರಬರುತ್ತಿದ್ದವು.

ಬಾಯಾರು ಹೋದ ವರ್ಷ ತೀರಿಕೊಂಡರು. ಈಗಿನ ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಆದರೆ "ಪ್ರವಾಸ ಹೋಗಿದ್ರಾ?" ಎಂದು ಕೇಳುತ್ತಾರೆ. ಪ್ರವಾಸವಂತೆ! ತವರು ಕೇಳಿ ಎಂದು ಎಷ್ಟು ಸಲ ಹೇಳಿದರೂ ನಕ್ಕುಬಿಡುತ್ತಾರೆ. ಬಾಯಾರಿದ್ದಿದ್ದರೆ ಎಂದು ದಿನಾ ಅನ್ನಿಸುತ್ತದೆ.

ನಿನ್ನೆ ಒಬ್ಬಳು ಜ್ವರದ ಕೂಸನ್ನು ತಂದಳು. ಪ್ರವಾಸ ಇಲ್ಲ ಎಂದಳು. ಡಾಕ್ಟರು ಬರೆಯತೊಡಗಿದರು. ನನಗೆ ತಡೆಯಲಾಗಲಿಲ್ಲ.

"ತವರು ಯಾವೂರವ್ವಾ?"

ಅವಳ ಮುಖ ಅರಳಿತು. "ಗೋವಾ ರೀ. ಮೊನ್ನೆನ ಅಲ್ಲಿಂದ ಬಂದೇವಿ."

ಡಾಕ್ಟರು ತಿರುಗಿ ನನ್ನನ್ನು ನೋಡಿದರು. ನಾನು ಆಗಲೇ ರಕ್ತ ತೆಗೆಯುವ ಸೂಜಿಯ ಪೊಟ್ಟಣ ಬಿಚ್ಚುತ್ತಿದ್ದೆ.