ಚರ್ಚಿನ ಗೋಡೆಗೆ ಕೈ ಕೊಟ್ಟು ನಿಂತ ಸಂಜೆ

ದೆವ್ವ, ಶಕುನ, ಕನಸಿನ ಫಲ ಇವನ್ನೆಲ್ಲ ನಾನು ನಂಬಿದವನಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಕರಣಿ ಹಿಡಿದ ಗೌಂಡಿ ನಾನು. ಗೋಡೆಯೊಳಗೆ ಕಲ್ಲು, ಸುಣ್ಣ, ಉಸುಕು ಬಿಟ್ಟರೆ ಏನೂ ಇರುವುದಿಲ್ಲ ಎಂದು ಕಟ್ಟಿದವನಿಗೆ ಗೊತ್ತಿರುತ್ತದೆ. ಆದರೂ ಹೈದರಾಬಾದಿನಲ್ಲಿ ಒಂದು ಸಂಜೆ ಆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಗುವವರು ನಗಲಿ. ನನ್ನ ಮೊಮ್ಮಗಳು ಈ ವರ್ಷ ವರ್ಗಕ್ಕೇ ಮೊದಲು ಬಂದು ಏಳನೇ ಇಯತ್ತೆಗೆ ಹೋದಳು, ಈಗ ಯಾರು ನಕ್ಕರೂ ನನಗೆ ಸಿಹಿಯೇ!

ಅಳಿಯಂದಿರು ಆಗ ಬಾಲಾನಗರದ ಒಂದು ಕಾರಖಾನೆಯಲ್ಲಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ಖರೆ. ಆದರೆ ಮಗಳಿಗೆ ಮೊದಲೇ ಎರಡು ಸಲ ಬಸಿರು ಹೋಗಿತ್ತು. ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರಮ್ಮ ಹೇಳಿದ್ದರಿಂದ ತವರೇ ಗಂಟು ಕಟ್ಟಿಕೊಂಡು ಹೈದರಾಬಾದಿಗೆ ಬಂತು. ಎಂದರೆ ನಾನು, ನನ್ನ ಹೆಂಡತಿ, ಬಾಣಂತಿಗೆಂದು ಒಂದು ಡಬ್ಬಿ ಅಂಟಿನುಂಡಿ.

ಯಾವ ಊರಿಗೆ ಹೋದರೂ ಕಟ್ಟಡ ನೋಡುವುದು ನನ್ನ ಹುಚ್ಚು. ಕೋಠಿ ಕಡೆ ಸಿಮೆಂಟು ಹೊಸದಾಗಿ ಬಂದ ಕಾಲದ ಮನೆಗಳಿವೆ. ಮೂಲೆಯಲ್ಲಿ ದುಂಡಗೆ ತಿರುಗಿಸಿದ ಬಾಲ್ಕನಿ, ಕಿಟಕಿಯ ಮೇಲೆ ಟೋಪಿಯ ಅಂಚಿನಂಥ ಛಜ್ಜಾ. ದುಂಡು ಮೂಲೆಗೆ ಗಿಲಾವು ಮಾಡುವ ಕಷ್ಟ ಮಾಡಿದವನಿಗೇ ಗೊತ್ತು. ಬಸ್ಸಿನಿಂದ ತಲೆ ಹೊರಹಾಕಿ ನೋಡಿ ಕಂಡಕ್ಟರನ ಕಡೆಯಿಂದ ಬೈಸಿಕೊಂಡಿದ್ದೇನೆ.

ಮಗಳಿಗೆ ಹೆರಿಗೆ ಬ್ಯಾನಿ ಶುರುವಾದ ದಿನ ದವಾಖಾನೆಯ ವರಾಂಡದಲ್ಲಿ ನಿಲ್ಲಲಾರೆ, ಕೂಡಲಾರೆ. ಕೂಸು ಅಡ್ಡ ಇದೆ ಎಂದು ಮೂರು ದಿನ ಮೊದಲೇ ಅವಳನ್ನು ಸೇರಿಸಿಕೊಂಡಿದ್ದರು.

"ಅಡ್ಡಾಡಿ ಅಡ್ಡಾಡಿ ಫರಸಿ ಸವಸಬ್ಯಾಡ್ರಿ," ಎಂದಳು ಹೆಂಡತಿ. "ಮೂರು ದಿನದಿಂದ ಆ ಚರ್ಚು, ಆ ಚರ್ಚು ಅಂತ ಹಲುಬಾಕತ್ತೀರಿ. ಹೋಗಿ ನೋಡ್ಕೊಂಡು ಬರ್ರಿ. ಇಲ್ಲಿ ನಿಮ್ಮ ಕೆಲಸ ಏನೂ ಇಲ್ಲ."

ರಸ್ತೆ ದಾಟಿದರೆ ಚರ್ಚು. ಬಿಳಿಯರ ಕಾಲದ್ದು, ಪೂರಾ ಕಲ್ಲಿನದು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಕಮಾನಿನ ಕಲ್ಲುಗಳ ಸಂದಿನಲ್ಲಿ ಸೂಜಿ ಸಹ ಹೋಗದು. ಸಂಜೆಯ ಬಿಸಿಲು ಬಣ್ಣದ ಗಾಜಿನಿಂದ ಇಳಿದು ನೆಲದ ಮೇಲೆ ಕೆಂಪು ನೀಲಿ ಚೆಲ್ಲಿತ್ತು. ಎಷ್ಟು ಖುಷಿಯಾಯಿತೆಂದರೆ, ಹೇಳಲು ನಾಚಿಕೆ, ಒಂದು ಗಳಿಗೆ ಮಗಳನ್ನೇ ಮರೆತೆ.

ಇಲ್ಲಿ ನಮ್ಮ ಕೆಲಸದ ಒಂದು ರೂಢಿ ಹೇಳಬೇಕು. ದಪ್ಪ ಕಲ್ಲು ಗೋಡೆ ಕಟ್ಟುವಾಗ ಒಳಗೊಬ್ಬ, ಹೊರಗೊಬ್ಬ ಗೌಂಡಿ ಇರುತ್ತಾನೆ. ಗೋಡೆ ಏರಿದ ಮೇಲೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಆಚೆಯಿಂದೀಚೆಗೆ ಹಾಯುವ ಉದ್ದನೆಯ ಕಲ್ಲು ಕೂರಿಸುವಾಗ ಇಬ್ಬರೂ ಹಿಡಿಯಬೇಕು. ಅದಕ್ಕೆ ನನ್ನ ಗುರು ಒಂದು ಸನ್ನೆ ಮಾಡಿದ್ದ. ಎರಡು ಸಲ ಬಡಿದರೆ, ನಿನ್ನ ಕಡೆ ಹೆಂಗೈತಿ? ತಿರುಗಿ ಮೂರು ಬಂದರೆ, ಕುಂತತಿ, ಕೈ ಬಿಡು. ಒಂದೇ ಬಂದರೆ, ಹಿಡಿ, ಬಿಡಬ್ಯಾಡ. ಒಂದು ಬಂದ ಮೇಲೆ ಕಾಲಬಳಿ ಹಾವು ಬಂದರೂ ಕೈ ತೆಗೆಯುವಂತಿಲ್ಲ, ತೆಗೆದರೆ ಆಚೆಯವನ ಬೆರಳು ಹೋಗುತ್ತದೆ. ಇದು ನಮ್ಮ ನಾಲ್ವರಿಗೇ ಗೊತ್ತಿದ್ದದ್ದು. ಗುರು ಸೇರಿ ಉಳಿದ ಮೂವರು ಅಷ್ಟೊತ್ತಿಗೆ ತೀರಿಕೊಂಡಿದ್ದರು.

ಚಂದದ ಗೋಡೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದೆ.

ಆಚೆಯಿಂದ ಒಂದು ಬಡಿತ ಬಂತು.

ನಾನು ಯೋಚನೆ ಮಾಡಲಿಲ್ಲ. ಎರಡೂ ಅಂಗೈ ಗೋಡೆಗೆ ಕೊಟ್ಟು ನಿಂತೆ. ಆಮೇಲೆ ಅಂಜಿಕೆ ಬಂತು, ಕೈ ಮಾತ್ರ ಬರಲಿಲ್ಲ. ಬಣ್ಣದ ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿ ಮಾಯವಾಯಿತು. ರಟ್ಟೆ ನೋಯತೊಡಗಿದವು. ಚರ್ಚಿನ ಕಾವಲುಗಾರ ಬೀಗ ಹಿಡಿದು ಬಂದ.

"ತಾತಾ, ಚೆಯ್ಯಿ ತೀಸ್ತೇ ಗೋಡ ಪಡಿಪೋತುಂದಾ?" ಕೈ ತೆಗೆದರೆ ಗೋಡೆ ಬೀಳುತ್ತದೇನು ಎಂದು ನಕ್ಕ.

"ಗೊತ್ತಿಲ್ಲೋ ಯಪ್ಪಾ, ಒಂದೀಟು ತಡಿ," ಎಂದೆ. ನನ್ನ ಮುಖ ಹೇಗಿತ್ತೋ, ಅವನು ನಗು ನಿಲ್ಲಿಸಿ ಬೆಂಚಿನ ಮೇಲೆ ಕುಳಿತ.

ಎಷ್ಟೋ ಹೊತ್ತಿಗೆ ಮೂರು ಬಡಿತ ಬಂದವು. ಅವಸರವಿಲ್ಲದೆ, ಒಂದಾದ ಮೇಲೆ ಒಂದು. ಕೈ ಬಿಟ್ಟು ಹೊರಗೆ ಓಡಿದೆ. ಗೋಡೆಯ ಆಚೆ ಕಾಗದದ ಹೂವಿನ ಮುಳ್ಳುಬಳ್ಳಿ, ನಾಯಿ ಸಹ ನುಸುಳಲಾರದಷ್ಟು ದಟ್ಟ. ಕಾವಲುಗಾರನಿಗೆ ಯಾವ ಸದ್ದೂ ಕೇಳಿರಲಿಲ್ಲ.

ದವಾಖಾನೆಯಲ್ಲಿ ಹೆಂಡತಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಎಲ್ಲಿ ಸತ್ತಿದ್ರಿ ಇಷ್ಟೊತ್ತು! ಹೆಣ್ಣು ರೀ! ಹುಟ್ಟಿದಾಗ ಉಸಿರ ಇರಲಿಲ್ಲ. ಡಾಕ್ಟರಮ್ಮ ಭಾಳ ಹೊತ್ತು ಗುದ್ದಾಡಿದರು. ಈಗ ಕೇಳ್ರಿ, ಹೆಂಗ ಕಿರಚಾಕತ್ತೈತಿ!" ಆ ಕಿರಚಾಟದಂಥ ಸಂಗೀತ ನಾನು ಕೇಳಿಲ್ಲ. ಗುರುತಿಲ್ಲದವರಿಗೆಲ್ಲ ಪೇಢೆ ಹಂಚಿದೆ.

ಕೂಸನ್ನು ಉಳಿಸಿದವರು ಡಾಕ್ಟರಮ್ಮ. ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಕೈಯಲ್ಲಿ ಗಡಿಯಾರವೂ ಇರಲಿಲ್ಲ, ಮೂರು ಬಡಿತ ಬಂದ ಹೊತ್ತು, ಕೂಸು ಉಸಿರು ಹಿಡಿದ ಹೊತ್ತು ಒಂದೇ ಎಂದು ಹೇಳಲಾರೆ. ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ ಕಾವಲುಗಾರನನ್ನು ಹೊರಗೆ ನಿಲ್ಲಿಸಿ ಒಳಗಿನಿಂದ ಕಲ್ಲಿನಿಂದಲೇ ಬಡಿದೆ. ಏನೂ ಕೇಳಲಿಲ್ಲ ಎಂದ. ಕೇಳುವುದೂ ಇಲ್ಲ. ಎರಡೂವರೆ ಅಡಿ ದಪ್ಪದ ಗೋಡೆ ಅದು.

ಹನ್ನೆರಡು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಹೋದ ವಾರ ಹೆಂಡತಿಗೆ ಹೇಳಿದೆ. ರಟ್ಟೆ ಹೇಗೆ ನೋಯುತ್ತಿದ್ದವು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ನಿಮ್ಮ ಕೈ ನೊಂದದ್ದು ಹೇಳಿದ್ರಿ," ಎಂದಳು. "ಅಷ್ಟೊತ್ತೂ ಆಚೀಕಡೆ ಹಿಡಕೊಂಡು ನಿಂತವರ ಕೈ?"