ದೊಡ್ಡಮ್ಮನಿಗೆ ಮಾತ್ರೆ ಕೊಟ್ಟವನು

ಅಟ್ಟದಿಂದ ಕಾಯಿ ಇಳಿಸಿ ಕರಟ ಒಡೆಯುವಾಗ ಏಳುವ ಒಣ ಕೊಬ್ಬರಿಯ ಘಮಲು ಮೊನ್ನೆ ಬೀದಿಯಲ್ಲಿ ಹಾಯ್ದು ಬಂತು. ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ಕರಟಕ್ಕೆ ಅವರದು ಅಳೆದಂಥ ಪೆಟ್ಟು. ಒಳಗಿನ ಉಂಡೆ ಕೊಬ್ಬರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ತಾಯಿಯಿಲ್ಲದ ನನಗೆ ಜಡೆ ಹಾಕುತ್ತಿದ್ದ ಕೈಯೂ ಅದೇ…

ಅವರ ಹೊಟ್ಟೆಯ ಕ್ಯಾನ್ಸರ್ ಮೊದಲ ಹಂತದಲ್ಲೇ ಸಿಕ್ಕಿತ್ತು. ಬೆಂಗಳೂರಿನಲ್ಲಿ ಬಾಯಿಂದ ಕೊಳವೆ ಇಳಿಸಿ, ಹೊಟ್ಟೆ ಕೊಯ್ಯದೆ ತೆಗೆದರು. ಹೊರಡುವಾಗ ಡಾಕ್ಟರು ನನ್ನ ಕೈಗೆ ಚೀಟಿ ಕೊಟ್ಟರು. “ಒಳಗೆ ಗಾಯ ಹಸಿಯಾಗಿದೆ. ಆಸಿಡ್ ತಗ್ಗಿಸೋ ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ. ನಮ್ಮನ್ನ ಕೇಳದೆ ನೋವಿನ ಮಾತ್ರೆ ಮುಟ್ಟಬೇಡಿ. ಮಲ ಕಪ್ಪಗಾದ್ರೆ ತಕ್ಷಣ ಬನ್ನಿ.”

ವಾರದೊಳಗೆ ಅವರ ಹಳೆಯ ಮಂಡಿನೋವು ಕೆರಳಿತು. ಹೆದ್ದಾರಿಯ ಔಷಧಿ ಅಂಗಡಿಗೆ ಇಬ್ಬರೂ ಹೋದೆವು; ನಾನು ಡಾಕ್ಟರ ಆ ಚೀಟಿ ಚಾಚಿದೆ. ಅಂಗಡಿಯವನು ಕಣ್ಣೂ ಹಾಯಿಸಲಿಲ್ಲ.

“ದೊಡ್ಡಾಸ್ಪತ್ರೆಯೋರು ಹಂಗೇ ಹೆದರಿಸ್ತಾರೆ, ಬುಡು ಕಣಮ್ಮ,” ಎಂದು ನೋವಿನ ಮಾತ್ರೆ ಕತ್ತರಿಸಿ ಕೊಟ್ಟ.

“ಬ್ಯಾಡ ದೊಡ್ಡಮ್ಮ,” ಎಂದೆ.

“ಕುಂತ್ರೆ ಏಳಕ್ಕಾಗಲ್ಲ ಕಣೇ. ಎರಡು ದಿನ ನುಂಗ್ತೀನಿ.”

ಮಲ ಕಪ್ಪಾಗಿದ್ದನ್ನು ಅವರು ಹೇಳಲೇ ಇಲ್ಲ. ನಾಲ್ಕನೆಯ ದಿನ ರಕ್ತ ಕಾರಿಕೊಂಡರು. ತಿಪಟೂರಿನ ಆಸ್ಪತ್ರೆ ತಲುಪುವ ಮೊದಲೇ, ಕಾರಿನಲ್ಲಿ, ನನ್ನ ತೊಡೆಯ ಮೇಲೆ…

ದೂರು ಕೊಟ್ಟೆ. ಬಿಲ್ಲಿರಲಿಲ್ಲ, ಅಂಗಡಿಯವನು ತಾನು ಕೊಟ್ಟೇ ಇಲ್ಲ ಎಂದ. ಅವತ್ತು ತೀರ್ಮಾನಿಸಿದೆ. ಫಾರ್ಮಸಿ ಓದಿ, ಅವನ ಅಂಗಡಿಯ ನೇರ ಎದುರಿಗೆ ಮಳಿಗೆ ಹಿಡಿದೆ. ನೋವಿನ ಮಾತ್ರೆ ಕೇಳಿದವರನ್ನೆಲ್ಲ ಕೂರಿಸಿ, ಹೊಟ್ಟೆಯ ತೊಂದರೆಯಿದೆಯೇ ಎಂದು ವಿಚಾರಿಸಿ, ದೊಡ್ಡಮ್ಮ ಸತ್ತ ಬಗೆಯನ್ನು ಹೇಳುತ್ತಿದ್ದೆ. ಹೇಳುತ್ತಾ ರಸ್ತೆಯಾಚೆಗೆ ಬೆರಳು ತೋರಿಸುತ್ತಿದ್ದೆ. ಜನ ಒಬ್ಬೊಬ್ಬರಾಗಿ ಈಚೆಗೆ ಬಂದರು. ಅವನು ಗಿರಾಕಿಯಿಲ್ಲದೆ ನೊಣ ಹೊಡೆಯುವುದನ್ನು ನೋಡುತ್ತ ಮಧ್ಯಾಹ್ನದ ಬುತ್ತಿ ಉಣ್ಣುತ್ತಿದ್ದೆ. ಅನ್ನ ರುಚಿಸುತ್ತಿತ್ತು.

ಹೋದ ತಿಂಗಳು ಅವನು ಅಂಗಡಿಯ ಬಾಗಿಲನ್ನು ಕೊನೆಯ ಸಲ ಎಳೆದು ರಸ್ತೆ ದಾಟಿ ಬಂದ. ಮುದುಕನಾಗಿದ್ದ.

“ಗೆದ್ದೆ ಕಣವ್ವ. ಆದ್ರೆ ನೀ ಹೇಳೋ ಆಯಮ್ಮ ಯಾರು ಅಂತ ನಂಗೆ ಇವತ್ತಿಗೂ ಗ್ಯಾಪ್ಕ ಬತ್ತಿಲ್ಲ. ಹೆಂಗಿದ್ರು?”

ಹೇಳಲು ಬಾಯಿ ತೆರೆದೆ. ಕಣ್ಣ ಮುಂದೆ ಬಂದದ್ದು ಕಾರಿನಲ್ಲಿ ಕಂಡ ಆ ಬಿಳಿಚಿದ ಮುಖ ಒಂದೇ. ಇಷ್ಟು ವರ್ಷ ಅವರ ಸಾವನ್ನೇ ಹೇಳಿಕೊಂಡು ಬಂದಿದ್ದೆ… ಅವರು ಹೇಗೆ ನಗುತ್ತಿದ್ದರು?

ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಆ ನಗು ಇನ್ನೂ ನನಗೆ ಸಿಕ್ಕಿಲ್ಲ.