ಯಾರೂ ತಡೆಯದ ಔಷಧಿ

ಮೊನ್ನೆ ಕುಕ್ಕರಿನಲ್ಲಿ ಅನ್ನ ತಳ ಹಿಡಿಯಿತು. ಆ ವಾಸನೆಗೆ, ಹಾಸನದ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಇರಾನಿನ ಹುಡುಗಿ ನೆನಪಾದಳು. ಅವಳು ಬೇಕೆಂದೇ ಅನ್ನದ ತಳ ಸೀಯಿಸುತ್ತಿದ್ದಳು. ಆ ಗರಿಗರಿ ಚಕ್ಕೆಯನ್ನೇ ಅವರ ಕಡೆ ನೆಂಟರಿಗೆ ಮೊದಲು ಬಡಿಸುತ್ತಾರಂತೆ. ಅವ್ವ ಮಾತ್ರ ಕೆಳಗಿನಿಂದಲೇ, "ಸೀದೋಯ್ತು ಕಣವ್ವಾ, ಒಲೆ ಆರ್ಸು!" ಅಂತ ಕೂಗುತ್ತಿದ್ದಳು.

ಹುಡುಗಿ ಇಲ್ಲಿ ಫಾರ್ಮಸಿ ಓದುತ್ತಿದ್ದಳು, ಅಷ್ಟಿಷ್ಟು ಕನ್ನಡ ಕಲಿತಿದ್ದಳು. ಊರಲ್ಲಿ ಅವಳ ತಮ್ಮ ಆಗಾಗ ರಕ್ತ ಹಾಕಿಸಿಕೊಂಡೇ ಬದುಕಬೇಕಿತ್ತು. ಹಾಗೆ ಹಾಕಿದ ರಕ್ತದ ಕಬ್ಬಿಣ ಮೈಯಲ್ಲೇ ಉಳಿದರೆ ಹೃದಯ ಕೆಡುತ್ತದೆ. ಅದನ್ನು ತೆಗೆಯುವ ಇಂಜೆಕ್ಷನ್ ಅಲ್ಲಿ ಸಿಗುತ್ತಿರಲಿಲ್ಲ. ಅಮೆರಿಕ ಅವರ ದೇಶದ ಮೇಲೆ ದಿಗ್ಬಂಧನ ಹೇರಿತ್ತು. ಔಷಧಿಗೆ ಮಾತ್ರ ತಡೆಯಿಲ್ಲ ಅಂತಲೂ ಹೇಳಿತ್ತು! ಆದರೆ ಅಮೆರಿಕಕ್ಕೆ ಹೆದರಿ ಬ್ಯಾಂಕಿನವರು ದುಡ್ಡು ದಾಟಿಸುತ್ತಿರಲಿಲ್ಲ, ಕಂಪನಿಯವರು ಮಾಲು ಕಳಿಸುತ್ತಿರಲಿಲ್ಲ. ಮಗು ಚಿವುಟಿ ತೊಟ್ಟಿಲು ತೂಗುವ ಬುದ್ಧಿ... ಅವಳು ಔಷಧಿಯನ್ನು ಇಲ್ಲೇ ಕೊಂಡಳು. ನಾನು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೊರಿಯರ್ ಅಂಗಡಿಗಳಿಗೆಲ್ಲ ಅಲೆದೆ.

"ಔಷ್ದಿಗೇನೂ ತೊಂದ್ರೆ ಇಲ್ಲ ಸಾ. ಆದ್ರೆ ಆ ದೇಶಕ್ಕೆ ನಾವ್ ಏನೂ ತಗಳಲ್ಲ," ಅಂದ ಒಬ್ಬ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಅವ್ವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ದುದ್ದದ ಹತ್ತಿರದ ನಮ್ಮೂರಲ್ಲಿ, ನಾನು ಹುಟ್ಟುವ ಮುಂಚೆ, ಜಮೀನಿದ್ದವರು ನಮ್ಮ ಕೇರಿಗೆ ಬಹಿಷ್ಕಾರ ಹಾಕಿದ್ದರು. "ಕೊಡ್ಬ್ಯಾಡ ಅಂತ ಯಾರೂ ಬಾಯ್ಬುಟ್ಟು ಅನ್ನಲಿಲ್ಲ ಕಣವ್ವ. ಅಂಗ್ಡಿಯೋನೇ ಎದ್ರಿ ಕೊಡ್ಲಿಲ್ಲ," ಎಂದು ಹುಡುಗಿಗೆ ಹೇಳಿದಳು. ಆಗ ಕೇರಿಯ ಹೆಂಗಸರು ಪಕ್ಕದೂರಿನಿಂದ ಉಪ್ಪು, ಜ್ವರದ ಮಾತ್ರೆಗಳನ್ನು ಹುಲ್ಲಿನ ಹೊರೆಯೊಳಗೆ ಅಡಗಿಸಿ ತರುತ್ತಿದ್ದರಂತೆ. ಬಹಿಷ್ಕಾರ ಹಾಕಿದ ನಮ್ಮೂರಿನ ನೀರನ್ನು ನಾನು ಇವತ್ತಿಗೂ ಮುಟ್ಟುವುದಿಲ್ಲ.

ಹುಡುಗಿಯ ದೇಶದ ಇನ್ನೊಬ್ಬ ವಿದ್ಯಾರ್ಥಿ ವಿಮಾನದಲ್ಲಿ ಊರಿಗೆ ಹೊರಟಿದ್ದ. ಹುಡುಗಿ ಇಂಜೆಕ್ಷನ್ ಪುಡಿಯ ಸೀಸೆಗಳನ್ನೂ ಡಾಕ್ಟರ ಚೀಟಿಯನ್ನೂ ಒಟ್ಟಿಗೆ ಕಟ್ಟಿ, ಅವನು ಬಂದರೆ ಕೊಡಿ ಎಂದು ಅವ್ವನ ಕೈಯಲ್ಲಿಟ್ಟು ಕಾಲೇಜಿಗೆ ಹೋದಳು. ಅವ್ವ ತನ್ನ ಹಳೇ ಬುದ್ಧಿ ಓಡಿಸಿದಳು. ಯಾರಿಗೂ ಹೇಳದೆ ಗಂಟು ಬಿಚ್ಚಿ, ಚೀಟಿ ಬಿಟ್ಟು ಸೀಸೆಗಳನ್ನಷ್ಟೇ ರಾಗಿ ಹುರಿಹಿಟ್ಟಿನ ಡಬ್ಬಿಯಲ್ಲಿ ಹೂತು ಕಳಿಸಿದಳು. ಹಿಟ್ಟಿನೊಳಗೆ ಬಿಳಿ ಪುಡಿಯ ಸೀಸೆ ಕಂಡ ವಿಮಾನ ನಿಲ್ದಾಣದವರು ಬಿಡುತ್ತಾರೆಯೇ? ಡಬ್ಬಿಯನ್ನೇ ಕಿತ್ತಿಟ್ಟುಕೊಂಡರು. ಚೀಟಿ ಸಮೇತ ಎದುರಿಗೇ ಹಿಡಿದುಕೊಂಡು ಹೋಗಿದ್ದರೆ ದಾಟುತ್ತಿತ್ತೇನೋ...

ಮತ್ತೊಂದು ದಾರಿ ಸಿಗುವ ಮೊದಲೇ ಅವಳ ತಮ್ಮ ತೀರಿಕೊಂಡ. ಹುಡುಗಿ ಅವ್ವನನ್ನು ಬೈಯಲಿಲ್ಲ. ಬೈದಿದ್ದರೆ ಅವ್ವನಿಗೆ ಒಳ್ಳೆಯದಾಗುತ್ತಿತ್ತು. ಓದು ಅರ್ಧಕ್ಕೆ ಬಿಟ್ಟು ಹೊರಟುಹೋದಳು.

ಅವಳ ನಂಬರಿಗೆ ಈಗ ಫೋನ್ ಹೋಗುವುದಿಲ್ಲ. ಅವ್ವನೂ ಇಲ್ಲ. ಸಾಯುವ ತನಕ, "ಆ ಮಗೀನ ನಾನೇ ಕೊಂದ್ಬುಟ್ಟೆ ಕಣ್ಲಾ," ಅನ್ನುತ್ತಿದ್ದಳು. ದಿಗ್ಬಂಧನ ಹಾಕಿದವರಲ್ಲಿ ಒಬ್ಬನಾದರೂ ಹಾಗೆ ಅಂದದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ.